ಕೆಂಪವ್ವನ ಹನ್ನೊಂದು ನಿಮಿಷ

ಜನವರಿ 6, ಸೋಮವಾರ

ಇಂದಿನಿಂದ ಶುದ್ಧವಾದ ಕನ್ನಡದಲ್ಲಿ ದಿನಚರಿ ಬರೆಯಬೇಕೆಂದು ನಿರ್ಧರಿಸಿದ್ದೇನೆ. ಬಿ.ಎ., ಬಿ.ಎಡ್. ಮಾಡಿದವಳು ನಾನು, ರೂಪಾಲಿ. ದಿಗ್ಗೇವಾಡಿಗೆ ಸೊಸೆಯಾಗಿ ಬಂದು ಹದಿನಾಲ್ಕು ವರ್ಷಗಳಾದವು. ಈ ಹದಿನಾಲ್ಕು ವರ್ಷದಲ್ಲಿ ನಾನು ಬರೆದದ್ದೆಂದರೆ ಕಬ್ಬು ಕಡಿಯುವವರ ಹಾಜರಿ ಮತ್ತು ಕಿರಾಣಿ ಚೀಟಿ.

ಚಿಕ್ಕೋಡಿಯಲ್ಲಿ ಇವತ್ತು ತರಬೇತಿ ಮುಗಿಯಿತು. ಪುಣೆಯ ಒಂದು ಕಂಪನಿಯವರು ಜನರ ಮಾತನ್ನು ಮೊಬೈಲಿನಲ್ಲಿ ತುಂಬಿಕೊಳ್ಳುತ್ತಾರೆ. ಯಂತ್ರಕ್ಕೆ ನಮ್ಮ ಭಾಗದ ಮಾತು ತಿಳಿಯುವುದಿಲ್ಲವಂತೆ. ಇನ್ನು ಮೇಲೆ ಬ್ಯಾಂಕಿನ ಫೋನು, ದವಾಖಾನೆಯ ಫೋನು ಎಲ್ಲ ಯಂತ್ರವೇ ಎತ್ತುತ್ತದಂತೆ, ಅದಕ್ಕೆ ಕಲಿಸಬೇಕಂತೆ. ಊರಿನವರನ್ನು ಕೂರಿಸಿ ಮಾತಾಡಿಸುವುದು, ತುಂಬಿಕೊಂಡದ್ದನ್ನು ಕೇಳಿ, ಹೆಚ್ಚುಕಡಿಮೆ ಇದ್ದರೆ ಕತ್ತರಿಸಿ ಕಳಿಸುವುದು ನನ್ನ ಕೆಲಸ. ಮಾತಾಡಿದವರಿಗೆ ತಾಸಿಗೆ ನೂರಾ ಎಂಬತ್ತು ರೂಪಾಯಿ, ನನಗೆ ಅದರ ಮೇಲೆ ಕಮಿಷನ್. ಹುದ್ದೆಯ ಹೆಸರು ಧ್ವನಿ ಸಂಯೋಜಕಿ. ಕೊರಳಿಗೆ ಹಾಕುವ ಕಾರ್ಡನ್ನೂ ಕೊಟ್ಟಿದ್ದಾರೆ.

ಮಾವನವರಿಗೆ ಕಾರ್ಡು ತೋರಿಸಿದೆ. "ಮಾತಾಡಿದ್ರ ರೊಕ್ಕ ಕೊಡ್ತಾರ? ಹಂಗಾರ ನಿಮ್ಮ ಅತ್ತೀನ ಕುಂಡರಸು, ಒಂದ ವಾರದಾಗ ಕಂಪನಿ ದಿವಾಳಿ" ಅಂದರು. ಎಲ್ಲರೂ ನಕ್ಕರು. ನಮ್ಮ ಮನಿಯಾರು ಶಿವರಾಜ ಎಲ್ಲಾರಿಗಿಂತ ಜೋರ ನಕ್ಕರು. ನಗಲಿ. ಹಾರೂಗೇರಿಗೆ ಹೋಗಿ ಒಂದು ಸೀರಿ ತರಬೇಕಂದ್ರೂ ಇವರ ಗಾಡಿ, ಇವರ ರೊಕ್ಕ, ಇವರ ಹೊತ್ತು ಕಾಯೋಳು ನಾನು. ಇನ್ನ ಹಂಗಿಲ್ಲ.

ಛೇ, ಬರೀತ ಬರೀತ ಹಳ್ಳಿ ಮಾತೇ ಬಂತು. ನಾಳೆಯಿಂದ ಎಚ್ಚರ ವಹಿಸಬೇಕು.

ಜನವರಿ 9, ಗುರುವಾರ

ನನ್ನ ಧ್ವನಿಯನ್ನು ಕಂಪನಿಯವರು ತಿರಸ್ಕರಿಸಿದ್ದಾರೆ. ಹೌದು, ನನ್ನದನ್ನೇ. ಮಾದರಿಗೆಂದು 'ನಮ್ಮ ಗ್ರಾಮದ ಸೊಬಗು' ಎಂಬ ವಿಷಯದ ಮೇಲೆ ಹತ್ತು ನಿಮಿಷ ಮಾತಾಡಿ ಕಳಿಸಿದ್ದೆ. 'ಪುಸ್ತಕ ಓದಿದಂತಿದೆ, ಸಹಜವಾಗಿಲ್ಲ' ಎಂದು ಕೆಂಪು ಅಕ್ಷರದಲ್ಲಿ ಬಂತು. ಮತ್ತೊಮ್ಮೆ ಕಳಿಸಿದೆ. ಮತ್ತೆ ಕೆಂಪು. ಇಷ್ಟು ವರ್ಷ ಸಾಲಿ ಕಲ್ತು ನನ್ನ ಮಾತು ನಪಾಸ! ಯಾರ ಮುಂದ ಹೇಳ್ಲಿ ಇದನ್ನ?

ಸಿಟ್ಟಿಲೆ ಹೊಲಕ್ಕ ಹೋದ್ನಿ. ಕಬ್ಬು ಕಡದ ಮ್ಯಾಲ ವರ್ಷಾ ನಮ್ಮ ಹೊಲದಾಗ ಕುರಿಗಾರ ಮಲಕಾರಿಯ ಕುರಿ ಬಂದು ನಿಲ್ಲತಾವು. ಕುರಿ ಗೊಬ್ಬರ ನಮ್ಮ ಹೊಲಕ್ಕ, ಜ್ವಾಳದ ಚೀಲ ಅವರಿಗಿ. ಮಾಂವಾರ ಅಪ್ಪನ ಕಾಲದಿಂದ ನಡಕೊಂಡ ಬಂದೈತಿ. ನಾ ಹೋದಾಗ ಮಲಕಾರಿ ಹೇಣ್ತಿ ಕೆಂಪವ್ವ ಒಂದು ಟಗರು ಹಿಡ್ಕೊಂಡು ಬೈಯಾಕತ್ತಿದ್ಲು. ಅದರ ಮುತ್ಯಾನಿಂದ ಹಿಡಕೊಂಡು ಬೈತಿದ್ಲು. ಸುಮ್ನ ಮೊಬೈಲ ಹಿಡದು ನಾಕ ನಿಮಿಷ ತುಂಬಿಕೊಂಡು ಕಳಿಸಿದ್ನಿ. ತಾಸಿನ್ಯಾಗ ಹಸರ ಅಕ್ಷರ ಬಂತು: 'ಅತ್ಯುತ್ತಮ. ಇಂಥದೇ ಬೇಕು.'

ಟಗರಿಗಿ ಬೈದಿದ್ದು ಅತ್ಯುತ್ತಮ, ನಂದು ನಪಾಸ. ಇರ್ಲಿ. ಕಮಿಷನ್ ಅಂತೂ ನನಗ ಬರತೈತಿ.

ಜನವರಿ 17, ಶುಕ್ರವಾರ

ಕೆಂಪವ್ವ ಬಾಯಿ ತೆರದ್ರ ನಿಲ್ಲಂಗಿಲ್ಲ. ಅರವತ್ತ ದಾಟ್ಯಾಳ, ಹೆಬ್ಬಟ್ಟಿನಾಕಿ, ಆದ್ರ ಒಂದ ಸಲ ಹಿಂದ ಮುಂದ ನೋಡಂಗಿಲ್ಲ. ಮರಿ ಹೆಂಗ ಉಳಿಸಿದ್ನಿ, ಮಳ್ಯಾಗ ಕಂಬಳಿ ಹೆಂಗ ಹೊಚ್ಕೊಂಡ್ನಿ, ತೋಳ ಬಂದಾಗ ಯಾರ್ ಎದ್ರು ಯಾರ್ ಮಕ್ಕೊಂಡಿದ್ರು, ಎಲ್ಲಾ ಹೇಳತಾಳ. ಒಂಬತ್ತ ದಿನದಾಗ ಹದಿಮೂರ ತಾಸು ಪಾಸ್ ಆಗೇತಿ. ಊರಾಗಿನ ಉಳಿದ ಎಲ್ಲಾರೂ ಕೂಡಿ ಐದ ತಾಸು ಆಗಿಲ್ಲ.

ಒಂದ ತ್ರಾಸ. ಮಲಕಾರಿ ಅಲ್ಲೇ ಕುಂತಿರ್ತಾನ. ಅಕಿ ಹೇಳೂದು, ಅಂವ ತಿದ್ದೂದು.

"ಮಿರಜ ದಾಟಿದ ಮ್ಯಾಲ ಏಳ ಕುರಿ ಹ್ವಾದು ನೋಡ..." ಅಂತಾಳ ಅಕಿ.

"ಮಿರಜ ಅಲ್ಲದು, ಕಾಗವಾಡದ ಈಚಿ ಕಡೆ. ಏಳಲ್ಲ, ಒಂಬತ್ತ" ಅಂತಾನ ಅಂವ.

"ನೀ ಎಣಿಸಿದ್ಯಾ?"

"ನಾನ ಎಣಿಸಿದ್ನಿ. ನೀ ಅಳಕೋತ ಕುಂತಿದ್ದಿ."

ಹಿಂಗ. ಕಂಪನಿಯಾರಿಗೆ ಒಂದ ಫೈಲಿನ್ಯಾಗ ಒಂದ ಧ್ವನಿ ಇರಬೇಕು. ಎರಡನೇದು ಬಂತೂ ಅಂದ್ರ 'ಗದ್ದಲ' ಅಂತ ಬರದು ತಿರುಗಿಸಿ ಕಳಸ್ತಾರ. ಅದಕ್ಕ ಅಂವ ಮಾತಾಡಿದ್ದೆಲ್ಲಾ ಕುಂತು ಹುಡುಕಿ ಹುಡುಕಿ ಕತ್ತರಸತೇನಿ. ಅರ್ಧಾ ದಿನ ಇದರಾಗ ಹೋಗತೈತಿ. ಬೈದೂ ನೋಡೇನಿ. ಎರಡ ನಿಮಿಷ ಸುಮ್ನ ಇರ್ತಾನ, ಮತ್ತ ಶುರು.

ಇವತ್ತ ಕೆಂಪವ್ವ ಕೇಳಿದ್ಲು, "ಯವ್ವಾ, ನಮ್ಮಿಬ್ಬರದೂ ಧ್ವನಿ ಅದರಾಗ ಕುಂತಾವೇನು?" ಮಲಕಾರಿನೂ ಮೊಬೈಲ ನೋಡಾಕತ್ತಿದ್ದ. ಹೂಂ, ಇಬ್ಬರದೂ ಕುಂತಾವು ಅಂದ್ನಿ. ಏನ ಹೋಗೂದೈತಿ ಹೂಂ ಅನ್ನಾಕ? ಮುದಕ ಖುಷ್ ಆಗಿ ತಲಿ ಮ್ಯಾಲಿನ ಪಟಗಾ ಸರಿ ಮಾಡ್ಕೊಂಡ.

ಜನವರಿ 18, ಶನಿವಾರ

ಮೈ ಉರಿಯಾಕತ್ತೈತಿ. ನನ್ನ ತಂಗಿ ಕೋಮಲ ಪುಣೆದಾಕಿ, ಲಗ್ನ ಆಗಿ ಆರ ವರ್ಷ ಅಲ್ಲೇ ಅದಾಳ. ನಾ ಹೇಳಿದ್ದ ಕೇಳಿ ಅಕಿನೂ ಇದ ಕಂಪನ್ಯಾಗ ಹೆಸರ ಹಚ್ಚಿದ್ಲು. ಇವತ್ತ ಫೋನ್ ಮಾಡಿ, "ಅಕ್ಕಾ, ಭಾರಿ ಐತಿ ಬೇ ಇದು, ತಾಸಿಗಿ ಏಳನೂರಾ ಇಪ್ಪತ್ತ" ಅಂದ್ಲು.

ಅಕಿ ಏಳನೂರಾ ಇಪ್ಪತ್ತ ಅಂದದ್ದು ನನಗ ತಪ್ಪ ಕೇಳಿರಬೇಕು ಅಂತ ಎರಡ ಸಲ ಕೇಳಿದ್ನಿ. ಇಲ್ಲ, ಹೌದು. ಮಾತು ಅದ, ನಮ್ಮ ರಾಯಬಾಗ ಕಡೆ ಮಾತ. ಪಿನ್ ಕೋಡ್ ಅಷ್ಟ ಬ್ಯಾರೆ.

ಚಿಕ್ಕೋಡ್ಯಾಗ ತರಬೇತಿ ಕೊಟ್ಟಿದ್ದ ವಿಶಾಲ ಸರ್‌ಗೆ ಫೋನ್ ಹಚ್ಚಿದ್ನಿ. ಭಾಳ ಮೆತ್ತಗ ಮಾತಾಡಿದ್ರು. "ಮೇಡಂ, ದರ ಜೀವನ ವೆಚ್ಚದ ಮೇಲೆ ಇರುತ್ತೆ. ಹಳ್ಳಿಯಲ್ಲಿ ಖರ್ಚು ಕಡಿಮೆ ಅಲ್ವಾ? ಮಾತಾಡೋರಿಗೆ ಇದನ್ನ ಹೇಳೋಕೆ ಹೋಗಬೇಡಿ, ಸುಮ್ನೆ ಗೊಂದಲ."

ಖರ್ಚು ಕಡಿಮಿ! ಫೋನಿಗಿ ರಿಚಾರ್ಜ್ ಮಾಡ್ಸಿದ್ರ ದಿಗ್ಗೇವಾಡ್ಯಾಗ ಬ್ಯಾರೆ ರೇಟ್ ಹಚ್ಚತಾರೇನು? ಎಣ್ಣಿ ಪ್ಯಾಕೀಟ, ಸಿಲಿಂಡರ್, ಗುಳಿಗಿ, ಯಾವದರ ಮ್ಯಾಲ ಹಳ್ಳಿಯಾರಿಗಿ ಅಗ್ಗ ಅಂತ ಬರದೈತಿ? ಅಲ್ಲಿ ಮನ್ಯಾಗ ಕುಂತು ಕಳಸ್ತಾರ. ನಾ ಇಲ್ಲಿ ನೆಟ್‌ವರ್ಕ್ ಸಲುವಾಗಿ ಕೆನಾಲ್ ದಂಡಿ ಮ್ಯಾಲ ನಿಂತು ಕೈ ಎತ್ತಿ ಹಿಡೀತೇನಿ. ಕೆಂಪವ್ವನ ಮಾತು ಬೇಕು, ಕೆಂಪವ್ವನ ಬೆಲಿ ಮಾತ್ರ ಕಾಲ ಪಾಲ. ಇದು ಅನ್ಯಾಯ. ಇದನ್ನ ಕೆಂಪವ್ವಗ ಹೇಳಲೇಬೇಕು.

ಜನವರಿ 27, ಸೋಮವಾರ

ಕೋಮಲ ಒಂದ ದಾರಿ ತೋರಿಸಿದ್ಲು. ಅಕಿ ಅತ್ತಿ ಕಾಶಿಬಾಯಿ ಪುಣೆದಾಗ ಅಕಿ ಜೋಡಿನ ಇರ್ತಾರ, ಮೂಲ ನಿಪ್ಪಾಣಿಯಾರು, ವಯಸ್ಸು ಕೆಂಪವ್ವನಷ್ಟ. ಕಾಶಿಬಾಯಿ ಹೆಸರಿಲೆ ಖಾತೆ ತೆಗದಾರ. ನಾ ಕೆಂಪವ್ವನ ಧ್ವನಿ ಕೋಮಲಗ ಕಳಸೂದು, ಅಕಿ ಪುಣೆದಿಂದ ಏರಸೂದು. ಬಂದಿದ್ರಾಗ ಕೋಮಲಗ ಅರ್ಧಾ, ನಮಗ ಅರ್ಧಾ. ಅರ್ಧಾ ಅಂದ್ರೂ ಇಲ್ಲಿಗಿಂತ ಎರಡ ಪಟ್ಟು.

ಇದರಾಗ ತಪ್ಪೇನೈತಿ? ಕಂಪನಿಯಾರು ನಮಗ ಮೋಸ ಮಾಡಿದ್ರು, ನಾವು ನಮ್ಮ ಹಕ್ಕಿಂದು ತಗೊಂಡ್ವಿ.

ಕೆಂಪವ್ವಗ ಸದ್ಯಕ್ಕ ಮೊದಲಿನ ದರದಂಗ ಕೊಡಾಕತ್ತೇನಿ. ಎಲ್ಲಾ ಬಿಡಿಸಿ ಹೇಳೂದಂದ್ರ ಅಕಿಗಿ ತಿಳಿಯಂಗಿಲ್ಲ, ಪಿನ್ ಕೋಡ್ ಅಂದ್ರ ಏನಂತ ಹೇಳ್ಲಿ? ಮತ್ತ ಅಕಿಗಿ ಅಷ್ಟ ರೊಕ್ಕ ಯಾತಕ್ಕ ಬೇಕು? ಹೊಲದಾಗ ಇರ್ತಾಳ, ರೊಟ್ಟಿ ಖಾರ ತಿಂತಾಳ, ಖರ್ಚ ಏನೈತಿ ಅಕಿಗಿ? ಮುಂದ ಒಮ್ಮಿ ಎಲ್ಲಾ ಕೂಡಿಸಿ ಕೊಟ್ರಾತು.

ಹಾರೂಗೇರ್ಯಾಗ ಒಂದ ಹಳೇ ಸ್ಕೂಟಿ ನೋಡೇನಿ. ಮುಂಗಡ ಕೊಟ್ಟು ಬಂದ್ನಿ. ಶಿವರಾಜ, "ರೊಕ್ಕ ಎಲ್ಲಿದು?" ಅಂದ್ರು. "ಮಾತಾಡಿದ್ದು" ಅಂದ್ನಿ. ಈ ಸಲ ಯಾರೂ ನಗಲಿಲ್ಲ.

ಫೆಬ್ರವರಿ 5, ಬುಧವಾರ

ಮಲಕಾರಿ ಹ್ವಾದ. ಮುಂಜಾನೆ ಕುರಿ ಬಿಡಾಕ ಎದ್ದಾಂವ ಅಲ್ಲೇ ಕುಂತ, ಕುಂತಾಂವ ಏಳಲಿಲ್ಲಂತ.

ಮುಂದಿಂದು ಇವತ್ತ ಬರಿಯಾಕ ಆಗಂಗಿಲ್ಲ.

ಫೆಬ್ರವರಿ 6, ಗುರುವಾರ

ಬರದ ಬಿಡತೇನಿ, ಒಳಗ ಇಟ್ಕೊಂಡ್ರ ಊಟ ಇಳಿವಲ್ದು.

ನಾ ನಿನ್ನೆ ದಿನದಂಗ ಮೊಬೈಲ ಹಿಡ್ಕೊಂಡ ಹೋಗಿದ್ನಿ. ಸತ್ತಾನ ಅಂತ ಗೊತ್ತಿದ್ದಿಲ್ಲ. ಹೊಲದ ಬದುವಿನ ಮ್ಯಾಲ ಇದ್ದಾಗ ಕೆಂಪವ್ವನ ಧ್ವನಿ ಕೇಳ್ತು. ಹಾಡ್ಯಾಡಿ ಅಳಾಕತ್ತಿದ್ಲು. ಅಕಿ ಮಗ ಲಕ್ಷ್ಮಣ, ಸೊಸಿ ಸೋನಾಲಿ ಅಲ್ಲೇ ಇದ್ರು. ಮಾಂವಾರೂ ಆಗಲೇ ಬಂದು ನಿಂತಿದ್ರು. ಹೆಣ ಒಯ್ಯಾಕ ಟೆಂಪೋ ಐಗಳಿಂದ ಬರೂದಿತ್ತು, ಐಗಳಿ ಅವರ ಊರು.

ಮೊಬೈಲ ಯಾವಾಗ ಚಾಲೂ ಮಾಡಿದ್ನಿ ಅನ್ನೂದು ನನಗ ಗೊತ್ತಿಲ್ಲ ಅಂತ ಬರೀಬೇಕು ಅನಿಸಾಕತ್ತೈತಿ. ಸುಳ್ಳು. ಗೊತ್ತೈತಿ. ಆ್ಯಪಿನ್ಯಾಗ 'ಭಾವ' ಅಂತ ಒಂದ ಬ್ಯಾರೆ ವಿಭಾಗ ಐತಿ, ಸಿಟ್ಟು, ನಗು, ಅಳು. ಅದಕ್ಕ ಮೂರ ಪಟ್ಟು. ಬದುವಿನ ಮ್ಯಾಲ ನಿಂತಾಗನ ಅದು ತಲ್ಯಾಗ ಬಂತು. ಸೆರಗಿನ್ಯಾಗ ಮೊಬೈಲ ಹಿಡ್ಕೊಂಡು ಹೋಗಿ ಹೆಂಗಸರ ನಡುವ ಕುಂತ್ನಿ.

ನಮ್ಮ ಕಡೆ ಅಳಾಕತ್ತಾಕಿ ಬಂದವರ ಹೆಸರ ಹಿಡದು ಸತ್ತವಗ ಹೇಳತಾಳ, ಇಂಥವರು ಬಂದಾರ, ಎದ್ದು ಮಾತಾಡಸು ಅಂತ. ಕೆಂಪವ್ವನೂ ಹಂಗ ಅಳಾಕತ್ತಿದ್ಲು.

"ಏಳೊ ನನ್ನ ಕುರಿಗಾರ, ಹೊತ್ತು ಮ್ಯಾಲ ಬಂತೊ,
ಮರಿ ಹಸದಾವೊ, ನಾಯಿ ನಿನ್ನ ಚಪ್ಪಲಿ ಕಾದೈತೊ.
ಸಾವಕಾರ್ರು ಬಂದಾರ ನೋಡೊ, ಕೈ ಮುಗಿಲಾರದ ಹೆಂಗ ಮಲಗೀದಿ..."

ಆಮ್ಯಾಲ ನನ್ನ ನೋಡಿದ್ಲು.

"ರೂಪಾಲಿ ಬಂದಾಳ ನೋಡೊ, ಧ್ವನಿ ತುಂಬಾಕ ಬಂದಾಳ ನೋಡೊ,
ದಿನಾ ನಡಕ ಬಾಯಿ ಹಾಕಾಂವ ಇವತ್ಯಾಕ ಸುಮ್ಮನಾದಿ,
ಇವತ್ತ ಮಾತಾಡೊ ನನ್ನಪ್ಪ, ಇವತ್ತ ಅಕಿ ಏನೂ ಅನ್ನಂಗಿಲ್ಲೊ."

ಎಲ್ಲಾರೂ ನನ್ನ ಕಡೆ ನೋಡಿದ್ರು. ನಾನೂ ಅತ್ನಿ. ಖರೇನ ಅತ್ನಿ. ಆದ್ರ ಕೈಯಾನ ಮೊಬೈಲ ಬಂದ್ ಮಾಡಲಿಲ್ಲ. ಹನ್ನೊಂದ ನಿಮಿಷ.

ಫೆಬ್ರವರಿ 8, ಶನಿವಾರ

ಕಳಿಸಿದ್ನಿ. ನನ್ನ ಹೆಸರ ಬಂದಲ್ಲಿ ಮಾತ್ರ ಕತ್ತರಿಸಿ ಕೋಮಲಗ ಕಳಿಸಿದ್ನಿ.

ಬೆಕ್ಕು ಕಣ್ಣ ಮುಚ್ಚಿ ಹಾಲ ಕುಡಿದಂಗ ಆತು ನಂದು. ಯಾರೂ ನೋಡಿಲ್ಲ ಅಂದ್ಕೊಂಡೇನಿ.

ಫೆಬ್ರವರಿ 17, ಸೋಮವಾರ

ಕೆಂಪವ್ವ ಐಗಳ್ಯಾಗ ಗಂಡನ ದಿನಾ ಮಾಡಿ ಮುಗಿಸಿ ತಿರುಗಿ ಬಂದಾಳ. ಸೊಸಿ, ಮಗ ಅಷ್ಟ ಜನದ ಕೈಲೆ ಇಷ್ಟ ಕುರಿ ನೀಗಂಗಿಲ್ಲ, ಅಳಕೋತ ಕುಂತ್ರ ಕುರಿ ಯಾರ ಮೇಯಸ್ತಾರ? ನಮ್ಮ ಹಿತ್ತಲ ಕಟ್ಟಿ ಮ್ಯಾಲ ಬಂದು ಕುಂತ್ಲು. ಅತ್ತಿಯಾರು ಚಹಾ ಕೊಟ್ರು. ಅವರು ಒಳಗ ಹೋದ ಮ್ಯಾಲ ನನ್ನ ಹಂತೇಕ ಸರದು ಮೆತ್ತಗ ಅಂದ್ಲು:

"ಯವ್ವಾ, ನಮ್ಮವರ ಧ್ವನಿ ಒಮ್ಮಿ ಹಚ್ಚು."

ನಾ ತಿಳಿಲಾರದಂಗ, "ಯಾವ ಧ್ವನಿ?" ಅಂದ್ನಿ.

"ಅದ, ನೀ ತುಂಬಿಕೊಂಡಿಯಲ್ಲಾ. ಫೋಟೋ ಅಂತೂ ಒಂದೂ ಇಲ್ಲ. ಆಧಾರ ಕಾರ್ಡಿನ್ಯಾಗಿನ ಮಾರಿ ಅವರದ ಅನಸಂಗಿಲ್ಲ. ಸೋನಾಲಿ ಅಂದ್ಲು, ಧ್ವನಿ ಮೊಬೈಲಿನ್ಯಾಗ ಎಷ್ಟ ವರ್ಷ ಆದ್ರೂ ಇರತೈತಿ ಅಂತ. ಆ ಕಾಗವಾಡದ ಕುರಿದು ಹಚ್ಚು. ಒಂಬತ್ತ ಅಂತಾರಲ್ಲ, ಅದು."

ಸರ್ವರ್ ಬಂದ್ ಐತಿ, ಎಂಟ ದಿನ ಬಿಟ್ಟು ಬಾ ಅಂದ್ನಿ. ಸರ್ವರ್ ಅಂದ್ರ ಏನಂತನೂ ಕೇಳಲಿಲ್ಲ. ಆತವ್ವ ಅಂತ ಎದ್ದು ಹೋದ್ಲು.

ಫೆಬ್ರವರಿ 21, ಶುಕ್ರವಾರ

ಎಂಟ ದಿನ ಅಂದಿದ್ನಿ, ಕೆಂಪವ್ವ ನಾಕ ದಿನಕ್ಕ ಬಂದ್ರು. ಈಗ ಕುರಿ ನಮ್ಮ ಹೊಲದಾಗ ಇಲ್ಲ, ದೂರ ಹಳ್ಳದ ದಂಡಿಗೆ ಹೋಗ್ಯಾವು. ಅಲ್ಲಿಂದ ನಡಕೋತ ಬಂದಿದ್ರು, ಕೈಯಾಗ ನನ್ನ ಸಲುವಾಗಿ ಒಂದ ತಂಬಗಿ ಕುರಿ ಹಾಲು. ಪ್ರೀತಿಲೆ ತಂದಾರ. ನಾ ಮತ್ತ ಸರ್ವರ್ ಅಂದ್ನಿ.

ಹಾಲು ತಗೊಂಡ್ನಿ. ತಗೊಳ್ಳದ ಇದ್ದಿದ್ರ ಯಾಕ ಅಂತ ಕೇಳ್ತಿದ್ರು.

ಕೆಂಪವ್ವ ಅತ್ತ ಹೋದ ಮ್ಯಾಲ ಮಾಂವಾರು, "ಏನ ಮಾತ ನಡದಾವು ನಿಮ್ಮಿಬ್ಬರದು?" ಅಂದ್ರು. ಏನಿಲ್ರಿ ಅಂದ್ನಿ. ಕಳ್ಳನ ಮನಸ್ಸು ಹುಳ್ಳುಳ್ಳಗ ಅಂತಾರಲ್ಲ, ಅತ್ತಿಯಾರು ಕೆಮ್ಮಿದ್ರೂ ನನಗ ಅನ್ನಾಕತ್ತಾರ ಅನಸಾಕತ್ತೈತಿ.

ಫೆಬ್ರವರಿ 28, ಶುಕ್ರವಾರ

ಕೋಮಲ ಫೋಟೋ ಕಳಿಸ್ಯಾಳ. ಪುಣೆದಾಗ ಕಂಪನಿಯಾರು ಕಾರ್ಯಕ್ರಮ ಮಾಡಿ ಕಾಶಿಬಾಯಿಯವರಿಗಿ ಶಾಲು ಹೊಚ್ಚ್ಯಾರ. 'ವರ್ಷದ ಗ್ರಾಮೀಣ ಧ್ವನಿ' ಅಂತ ಫಲಕ. ಹೊಸಾ ಸೀರಿ ಉಟ್ಟು ನಕ್ಕೋತ ನಿಂತಾರ. ಕೋಮಲ ಬರದಾಳ, "ಅಕ್ಕಾ, ಆ ಅಳೂದಕ್ಕ ಎಲ್ಲಾರ ಕಣ್ಣಾಗ ನೀರ ಬಂತು! ಇನ್ನೊಂದ ಅಂಥಾದು ಸಿಗತೈತೇನ ನೋಡು."

ಇನ್ನೊಂದ ಅಂಥಾದು. ಅದು ಸಿಗಬೇಕಂದ್ರ ಯಾರರೆ ಸಾಯಬೇಕಲ್ಲ ಬೇ, ಅಂತ ಬರದ್ನಿ. ಬರದು ಅಳಿಸಿದ್ನಿ. ಹೆಬ್ಬಟ್ಟಿನ ಚಿತ್ರ ಒತ್ತಿ ಕಳಿಸಿದ್ನಿ.

ಮಾರ್ಚ್ 3, ಸೋಮವಾರ

ಗೊತ್ತಾತು.

ಮಧ್ಯಾಹ್ನ ಕೆಂಪವ್ವ ಮತ್ತ ಸೋನಾಲಿ ಇಬ್ಬರೂ ಬಂದ್ರು. ಸೋನಾಲಿ ಕಟ್ಟಿ ಮ್ಯಾಲ ಕುಂಡ್ರಲಿಲ್ಲ. ನಿಂತ ನನ್ನ ಕೈಯಾಗ ಫೋನ್ ಕೊಟ್ಲು. ಕಂಪನಿಯಾರು ಜಾಹೀರಾತಿನ ವಿಡಿಯೋ ಬಿಟ್ಟಾರ, ಎಲ್ಲಾರ ಫೋನಿಗೂ ಬರಾಕತ್ತೈತಿ. ಕಾಶಿಬಾಯಿಯವರು ಶಾಲು ಹೊಚ್ಕೊಂಡು ನಗತಾರ. ಹಿಂದಿನಿಂದ ಕೆಂಪವ್ವನ ಧ್ವನಿ: ಏಳೊ ನನ್ನ ಕುರಿಗಾರ. ಕೆಳಗ 'ಕಾಶಿಬಾಯಿ, 63, ಪುಣೆ'.

"ಅಕ್ಕಾರ, ಇದು ನಮ್ಮತ್ತಿ ಧ್ವನಿ ಹೌದಲ್ರಿ?" ಅಂದ್ಲು ಸೋನಾಲಿ.

ಹೌದಂದ್ನಿ. ಎಲ್ಲಾ ಹೇಳಿದ್ನಿ. ಪುಣೆದ ದರ, ಹಳ್ಳಿ ದರ, ಕಾಶಿಬಾಯಿ ಹೆಸರಿನ ಖಾತೆ, ಅರ್ಧಾ ಕೋಮಲಗ ಅರ್ಧಾ ನನಗ, ಮತ್ತ ಆ ದಿನ ಸೆರಗಿನ್ಯಾಗ ಮೊಬೈಲ ಇಟ್ಕೊಂಡ ಕುಂತಿದ್ದು. ನೆಲಾ ನೋಡಿ ಹೇಳಿದ್ನಿ. ಸಾಲ್ಯಾಗ ಕಾಪಿ ಹೊಡದು ಸಿಕ್ಕ ಹುಡುಗೀಗತೆ ನಿಂತಿದ್ನಿ.

"ನಮ್ಮ ಮಾತಿಗಿ ಕಾಲ ಭಾಗ ಅಂತ ಕಂಪನಿಯಾರು ಬರದ್ರು, ಖರೆ. ಆ ಕಾಲ ಭಾಗನ ಪೂರಾ ಅಂತ ಹೇಳಿ ಕೊಟ್ಟಾವರು ನೀವು. ಅವರಿಗಾದ್ರ ನಮ್ಮ ಮಾರಿ ಗೊತ್ತಿಲ್ಲ" ಅಂದ್ಲು ಸೋನಾಲಿ.

ನಾ ಎಲ್ಲಾ ಹೇಳೂ ಹೊತ್ತಿಗಿ ಫೋನ್ ಕೆಂಪವ್ವನ ಕೈಯಾಗ ಹೋಗಿತ್ತು.

ಕೆಂಪವ್ವ ಇನ್ನೂ ಆ ವಿಡಿಯೋನ ನೋಡಾಕತ್ತಿದ್ರು. "ಈಕಿ ಗಂಡ ಸತ್ತಾನೇನು?" ಅಂದ್ರು.

"ಇಲ್ಲ, ಅದಾರ."

"ಯವ್ವಾ, ಕೆಟ್ಟಾತಲ್ಲ. ಬದುಕಿದ ಗಂಡನ ಮುಂದ ಏಳೊ ಅಂತ ಅತ್ತಂಗಾತು. ಯಾರೂ ಹೇಳಲಿಲ್ಲೇನ ಪಾಪ ಅಕಿಗಿ?" ಖರೇನ ಕಳವಳ ಬಿದ್ದಿದ್ರು. ನನಗ ಬೈದಿದ್ರ ಹಗುರ ಆಗ್ತಿತ್ತು.

ಆಮ್ಯಾಲ ಫೋನ್ ಸೋನಾಲಿಗಿ ಕೊಟ್ಟು ನನ್ನ ಕಡೆ ತಿರುಗಿದ್ರು. "ರೊಕ್ಕದ ಮಾತು ನೀವಿಬ್ಬರೂ ಏನರೆ ಮಾಡ್ಕೋರಿ. ಸರ್ವರ್ ಅಂದದ್ದೂ ಸುಳ್ಳ ಹೌದಿಲ್ಲೊ? ಹಂಗಾರ ಅವರ ಧ್ವನಿ ಈಗ ಹಚ್ಚು."

ಎಲ್ಲಾ ಹೇಳಿದ್ನಿ ಅಂತ ಮ್ಯಾಲ ಬರದೇನಲ್ಲ, ಅವರ ಮಾತು ಕತ್ತರಿಸಿದ್ದೊಂದ ಹೇಳಿರಲಿಲ್ಲ. ಅವಾಗೂ ಆಗಲಿಲ್ಲ. ನಾಡದಿಗಿ ನಾನ ಹಟ್ಟಿಗಿ ತಗೊಂಡ ಬರ್ತೇನಿ ಅಂದ್ನಿ.

ಮಾರ್ಚ್ 4, ಮಂಗಳವಾರ

ಮುಂಜಾನಿಂದ ಸಂಜಿ ಮಟ ಮಲಕಾರಿ ಕಾಕಾನ ಧ್ವನಿ ಹುಡುಕೇನಿ. ಮೊದಲ ಕಂಪನಿಗಿ ಕಳಿಸಿದ್ದು, ಆಮ್ಯಾಲ ಕೋಮಲಗ ಕಳಿಸಿದ್ದು, ಎಲ್ಲಾ ತಿರುಗಿ ತೆಗದು ಕೇಳಿದ್ನಿ. ಎಲ್ಲೂ ಇಲ್ಲ. ಭಾಳ ಚಂದ ಕತ್ತರಿಸೇನಿ, ಒಂದ ಕಡೆನೂ ಗುರ್ತ ಉಳದಿಲ್ಲ. ಕೆಂಪವ್ವ ಕಾಕು "ಮಿರಜ ದಾಟಿದ ಮ್ಯಾಲ ಏಳ ಕುರಿ ಹ್ವಾದು" ಅಂತಾರ, ಅದರ ಹಿಂದನ "ಆಮ್ಯಾಲ ಮಳಿ ಬಂತು" ಅಂತಾರ. ನಡುವ ಕಾಕಾ ಇದ್ದಲ್ಲಿ ಏನೂ ಇಲ್ಲ. ಕೇಳಿದವರಿಗಿ ಏಳ ಕುರೀನ ಹ್ವಾದು ಅನಸತೈತಿ. ಒಂಬತ್ತ ಅನ್ನಾವರು ಯಾರೂ ಇಲ್ಲ.

ಅವರು ಒಬ್ಬರ ಮಾತಾಡಿದ್ದಿಲ್ಲ ಎಂದೂ. ಜಗಳಾ ಮಾಡ್ಕೋತ ಇಬ್ಬರೂ ಕೂಡಿ ಹೇಳ್ತಿದ್ರು. ನಾ ಅದನ್ನ ತ್ರಾಸ ಅಂತ ಬರದೇನಿ ಹಿಂದ. ಆ ಪುಟಾ ತೆಗದು ನೋಡಿದ್ನಿ, ಹರೀಬೇಕು ಅನಿಸ್ತು. ಹರೀಲಿಲ್ಲ.

ಸಂಜಿಗಿ, ಕಳಸಾಕ ಬರಲಾರದ್ದು ಅಂತ ಬಿಟ್ಟ ಒಂದ ತುಣುಕು ಫೋನಿನ್ಯಾಗ ಸಿಕ್ತು. ಹದಿನಾಕ ಸೆಕೆಂಡ್. ಅದರಾಗ ಕಾಕಾ ಅದಾರ.

ಅದು ಸಿಗದಿದ್ರ ಚಲೋ ಆಗ್ತಿತ್ತು.

ಮಾರ್ಚ್ 5, ಬುಧವಾರ

ತಗೊಂಡಿದ್ದ ಸ್ಕೂಟಿ ತಿರುಗಿ ಕೊಟ್ಟು, ಆ ರೊಕ್ಕಕ್ಕ ಇದ್ದದ್ದು ಕೂಡಿಸಿ, ಮುಂಜಾನೆ ನಡಕೋತ ಹಳ್ಳದ ದಂಡಿಗಿ ಹೋದ್ನಿ. ರೊಕ್ಕ ಸೋನಾಲಿ ಕೈಯಾಗ ಇಟ್ನಿ. ಅಕಿ ಎಣಿಸಿಕೊಂಡ್ಲು. ಕೋಮಲನ ಅರ್ಧಾ ಇನ್ನೂ ಬರಬೇಕು, ತರಸ್ತೇನಿ ಅಂದ್ನಿ. "ತರಸ್ರಿ" ಅಂದ್ಲು. ಬಾ ಕುಂಡ್ರು ಅನ್ನಲಿಲ್ಲ, ಅನ್ನೂದು ಬೇಕಾಗಿಯೂ ಇದ್ದಿಲ್ಲ.

ಕೆಂಪವ್ವ ಕಾಕು ಮರಿಗೋಳಿಗಿ ಸೊಪ್ಪ ಕಟ್ಟಾಕತ್ತಿದ್ರು. ಕೈ ಒರಸ್ಕೊಂಡು ಬಂದು ನನ್ನ ಎದರಿಗಿ ಕುಂತ್ರು. ಹಬ್ಬದ ದಿನ ಕುಂಡ್ರತಾರಲ್ಲ, ಹಂಗ.

"ಕಾಕು, ಅವರ ಧ್ವನಿ ಇಲ್ಲ" ಅಂದ್ನಿ. "ನಾನ ಕತ್ತರಿಸೇನಿ. ದಿನಾ ಕತ್ತರಸ್ತಿದ್ನಿ. ಇಬ್ಬರದೂ ಐತಿ ಅಂತ ಸುಳ್ಳ ಹೇಳಿದ್ನಿ. ಎರಡನೇ ಧ್ವನಿಗೆ ಕಂಪನಿಯಾರು ಗದ್ದಲ ಅಂತಾರ."

"ಗದ್ದಲ?" ಅಂದ್ರು. ಒಂದ ಸಲ ಅಷ್ಟ. ಕುರಿ ಕಡೆ ನೋಡಿದ್ರು, ಮತ್ತ ನನ್ನ ಕೈಯಾನ ಮೊಬೈಲ ಕಡೆ ನೋಡಿದ್ರು. "ಒಂದ ಮಾತೂ ಇಲ್ಲ?"

"ಒಂದೈತ್ರಿ. ಕೇಳಬ್ಯಾಡ್ರಿ ಅದನ್ನ."

"ಹಚ್ಚು."

ಹಚ್ಚಿದ್ನಿ. ಮೊದಲ ನನ್ನ ಧ್ವನಿ ಬಂತು, ಇಷ್ಟ ದಪ್ಪ. "ಕಾಕಾ, ಎಷ್ಟ ಸಲಾ ಹೇಳ್ಬೇಕು ನಿಮಗ? ಕುಂತ್ರ ಸುಮ್ನ ಕುಂಡ್ರರಿ, ಇಲ್ಲಾಂದ್ರ ಎದ್ದ ಕುರಿ ಕಡೆ ಹೋಗ್ರಿ. ನಿಮ್ಮ ಮಾತು ಯಾರಿಗಿ ಬೇಕಾಗೇತಿ?" ಆಮ್ಯಾಲ ಅವರು. "ತಪ್ಪಾತ್ರಿ ಅಕ್ಕಾರ. ಇನ್ ಮಾತಾಡಂಗಿಲ್ರಿ." ಆಮ್ಯಾಲ ಕುರಿ ಒದರೂದು ಅಷ್ಟ.

ಕಾಕು ಕಣ್ಣ ಮುಚ್ಚಿದ್ರು. "ಇನ್ನೊಮ್ಮಿ" ಅಂದ್ರು.

ಹಚ್ಚಿದ್ನಿ. ಇನ್ನೊಮ್ಮಿ ಅಂದ್ರು. ಅವರ ನಾಕ ಮಾತು ಕೇಳಬೇಕಂದ್ರ ಪ್ರತಿ ಸಲಾ ಮೊದಲ ನನ್ನ ಮಾತು ಪೂರಾ ಕೇಳಬೇಕು. ಲಕ್ಷ್ಮಣ ಬಂದು ನಿಂತ, ಅಂವಾನೂ ಕೇಳಿದ. ಒಂಬತ್ತ ಸಲಾ ಹಚ್ಚಿದ್ನಿ. ಮಾರಿ ಎಲ್ಲಿ ಇಡೂದಂತ ತಿಳಿಲಿಲ್ಲ.

"ಕಾಕು, ಇದನ್ನ ಸೋನಾಲಿ ಫೋನಿಗಿ ಹಾಕತೇನಿ. ನನ್ನ ಮಾತು ತೆಗದು ಬರೇ ಕಾಕಾನ ಮಾತು ಇಟ್ಟು ಕೊಡ್ಲಿ?" ಅಂದ್ನಿ.

ಕಣ್ಣ ತೆರದು ನನ್ನ ನೋಡಿದ್ರು. "ಈಗೂ ಕತ್ತರಸ್ತೇನಿ ಅಂತೀ?" ಅಂದ್ರು. ಆಮ್ಯಾಲ ಮರಿ ಕಡೆ ಎದ್ದು ಹೋಗೂ ಮುಂದ, "ಬ್ಯಾಡ. ಇರ್ಲಿ. ನೀನೂ ಇರು ಅದರಾಗ" ಅಂದ್ರು.

ಇದ್ದಂಗ ಹಾಕಿ ಕೊಟ್ಟು ಹೊಂಟ್ನಿ. ಹಳ್ಳ ದಾಟಿರಲಿಲ್ಲ, ಹಿಂದ ಸೋನಾಲಿ ಫೋನಿನ್ಯಾಗ ಮತ್ತ ಹಚ್ಚಿದ್ರು. ನಾ ಬೈಯೂದು ಕೇಳ್ತು, ಅವರು ತಪ್ಪಾತ್ರಿ ಅನ್ನೂದೂ ಕೇಳ್ತು.